ದ್ರಾಕ್ಷಿ ಮನೆಯ ಭೂತದ ಆರ್ಗನ್

ಮಾರ್ಲಾ: ಕಿಲುಬು! ದುಡ್ಡು ಕೊಟ್ಟು ಕಿಲುಬು ತಂದಿದ್ದೀಯ! ನಮ್ಮಜ್ಜಿ ಜೀವಮಾನವೆಲ್ಲ ಹಿತ್ತಾಳೆ ಸಾಮಾನಿಂದ ಉಜ್ಜಿ ಉಜ್ಜಿ ತೆಗೆದದ್ದನ್ನ ನೀನು ಕೂತ್ಕೊಂಡು ಬ್ರಷ್ಷಲ್ಲಿ ಹಚ್ತಿದ್ದೀಯಲ್ಲ!

ಗಾರ್ತ್: ಕಿಲುಬಲ್ಲ ಕಣೇ, ಕಿಲುಬಿನ ಬಣ್ಣ. ಪಾಳುಬಿದ್ದ ಚರ್ಚಿನ ಕೊಳವೆ ಆರ್ಗನ್ ಥರ ಕಾಣ್ಬೇಡ್ವಾ?

ಮಾರ್ಲಾ: ಪಾಳುಬಿದ್ದದ್ದೇ ಬೇಕಿದ್ರೆ ನಮ್ಮ ಬಚ್ಚಲುಮನೆ ಗೋಡೆ ಇದೆ. ಮದುವೆಯಾದಾಗಿಂದ ಬಣ್ಣ ಹೊಡೀತೀನಿ ಅಂತಿದ್ದೀಯ. ಭೂತದ ವಾದ್ಯಕ್ಕೆ ಮಾತ್ರ ಮೂರು ಕೋಟು!

ಗಾರ್ತ್: ನಮ್ಮ ಬಚ್ಚಲುಮನೆ ನೋಡೋಕೆ ಅಕ್ಕಪಕ್ಕದ ಮಕ್ಕಳು ಬರಲ್ವಲ್ಲ.

ಮಾರ್ಲಾ ಗ್ಯಾರೇಜಿನ ಬಾಗಿಲನ್ನು ಇನ್ನಷ್ಟು ಮೇಲೆತ್ತಿದಳು. ಡುಲೂತ್ ಊರಿನ ಸರೋವರದ ಗಾಳಿ ಹೇಳದೆ ಕೇಳದೆ ಒಳನುಗ್ಗಿತು. ಬಣ್ಣದ ವಾಸನೆ ಮಕ್ಕಳಿಗೆ ಕೆಟ್ಟದ್ದೆಂದು ಅವಳು ಬೆಳಿಗ್ಗೆ ಓದಿದ್ದಳು; ಥಂಡಿ ಗಾಳಿ ಕೆಟ್ಟದ್ದೆಂದು ನಿನ್ನೆ ಓದಿದ್ದಳು. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೆಂದು ಮಾತ್ರ ಯಾರೂ ಬರೆದಿರಲಿಲ್ಲ.

ಮಕ್ಕಳು ವೇಷ ತೊಟ್ಟು ಮನೆಮನೆಗೆ ಸಿಹಿ ಕೇಳಿಕೊಂಡು ಬರುವ ಹ್ಯಾಲೋವೀನ್ ಹಬ್ಬ ಹತ್ತಿರವಾಗಿತ್ತು. ರತ್ನಗಂಬಳಿ ಅಂಗಡಿಯವರು ಎಸೆದ ರಟ್ಟಿನ ಕೊಳವೆಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ತಳಕ್ಕೆ ಕಪ್ಪು, ಅದರ ಮೇಲೆ ತಾಮ್ರದ ಬಣ್ಣ, ಈಗ ಸಂದುಗೊಂದುಗಳಲ್ಲಿ ಹಸಿರು. ಒಂದೊಂದಕ್ಕೂ ಬಾಯಿಯಂಥ ಒಂದು ಸೀಳು. ಮುಂದಿನ ಮುರುಕು ಮೇಜಿನ ಎದುರು ಪ್ಲಾಸ್ಟಿಕ್ ಅಸ್ಥಿಪಂಜರವೊಂದು ನುಡಿಸಲು ಸಿದ್ಧವಾಗಿ ಕೂತಿತ್ತು. ಆ ಮನೆಯಲ್ಲಿ ನೆಮ್ಮದಿಯಾಗಿದ್ದದ್ದು ಅದೊಂದೇ.

ಗಾರ್ತ್: ನಾನೇನು ಚಟಕ್ಕೆ ಮಾಡ್ತಿದ್ದೀನಾ? ಟಿಲ್ಲಿಗೋಸ್ಕರ. ಹೋದ ಹ್ಯಾಲೋವೀನ್‌ಗೆ ಪಾಪ, ಜೇನುನೊಣದ ವೇಷ ಹಾಕ್ಕೊಂಡು ಕಿಟಕೀಲೇ ಕೂತಿತ್ತು ಮಗು. ಮೊದಲು ಬಂದ ನಾಲ್ಕು ಮಕ್ಕಳು ಹೋಗಿ ಸುದ್ದಿ ಹಬ್ಬಿಸಿದ್ವು. ಆಮೇಲೆ ಒಂದು ನರಪಿಳ್ಳೆ ಮೆಟ್ಲು ಹತ್ತಿದ್ರೆ ಕೇಳು!

ಮಾರ್ಲಾ: ಚಳಿ ಇತ್ತು.

ಗಾರ್ತ್: ಚಳಿ ಪಕ್ಕದ್ಮನೇಲೂ ಇತ್ತು. ಅಲ್ಲಿ ಚಳಿ ಜೊತೆ ಚಾಕೊಲೇಟ್ ಕೊಟ್ರು. ನಾವು ಒಣದ್ರಾಕ್ಷಿ ಕೊಟ್ವಿ.

ಮಾರ್ಲಾ: ಮತ್ತೆ? ಅಷ್ಟೊಂದು ಸಿಹಿ ತಿಂದ್ರೆ ಮಕ್ಕಳ ಹಲ್ಲು ಏನಾಗ್ಬೇಕು?

ಗಾರ್ತ್: ಹಲ್ಲೆಲ್ಲ ಗಟ್ಟಿಮುಟ್ಟಾಗಿವೆ. ಆ ಹಲ್ಲು ಬಿಟ್ಕೊಂಡೇ ಕ್ಲಾಸಿನ ಮಕ್ಕಳು ನಮ್ಮ ಮಗಳನ್ನ 'ದ್ರಾಕ್ಷಿ ಮನೆ' ಅಂತ ಆಡ್ಕೊಳ್ತಿರೋದು.

ಮಾರ್ಲಾಗೆ ಅದು ನಾಟಿತು. ಮೊನ್ನೆ ಹೊದಿಕೆ ಹೊದಿಸುವಾಗ ಟಿಲ್ಲಿ, "ಈ ಸಲಾನೂ ಯಾರೂ ಬರಲ್ವಾ ಅಮ್ಮಾ?" ಎಂದು ಕೇಳಿದ್ದಳು. ಮರುದಿನವೇ ಮಾರ್ಲಾ ಕಳ್ಳಮಾಲು ತರುವವಳಂತೆ ಅತ್ತಿತ್ತ ನೋಡಿ ಚಾಕೊಲೇಟ್ ಕೊಂಡು ತಂದು ಫ್ರಿಜ್ಜಿನ ಮೇಲೆ ಬಚ್ಚಿಟ್ಟಿದ್ದಳು.

ಮಾರ್ಲಾ: ಆಯ್ತು ಮಾರಾಯ, ಈ ಸಲ ಚಾಕೊಲೇಟೇ. ಆದ್ರೆ ನಿನ್ನ ಈ ಆರ್ಗನ್ ಇದೆಯಲ್ಲ, ಬೀಳುತ್ತೆ.

ಗಾರ್ತ್: ಬೀಳಲ್ಲ.

ಮಾರ್ಲಾ: ನಮ್ಮ ಕಸದ ಡಬ್ಬೀನೇ ಗಾಳಿ ಜೊತೆ ವಾಕಿಂಗ್ ಹೋಗ್ಬರುತ್ತೆ. ರಟ್ಟು ನಿಲ್ಲುತ್ತಾ? ಯಾವ ಮಗು ತಲೆ ಮೇಲೆ ಬೀಳುತ್ತೋ!

ಗಾರ್ತ್: ಪ್ರತಿ ಕೊಳವೆ ಬುಡಕ್ಕೂ ಭಾರ ತುಂಬಿದ್ದೀನಿ.

ಮಾರ್ಲಾ: ಮರಳಾ?

ಗಾರ್ತ್: ಮರಳಿಗೆ ಯಾಕೆ ಖರ್ಚು? ಹೋದ ವರ್ಷದ ನಿನ್ನ ದ್ರಾಕ್ಷಿ ಡಬ್ಬಿಗಳು ಹಾಗೇ ಇದ್ವಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕಟ್ಟಿ, ಒಳಗಿಳಿಸ್ಬಿಟ್ಟೆ.

ಮಾರ್ಲಾ: ತಿನ್ನೋ ಪದಾರ್ಥಾನ!

ಗಾರ್ತ್: ಯಾರೂ ತಿನ್ನಲಿಲ್ಲ ಕಣೇ. ತೊಂದರೆ ಇದ್ದದ್ದೇ ಅಲ್ಲಿ.

ಹ್ಯಾಲೋವೀನ್ ಸಂಜೆ ಆರ್ಗನ್ ಮೆಟ್ಟಿಲ ಪಕ್ಕದಲ್ಲಿ ಹಸಿರು ಬೆಳಕು ಕಾರುತ್ತ, ಒಳಗೆ ಬಚ್ಚಿಟ್ಟ ಸ್ಪೀಕರಿನ ಗೊಗ್ಗರು ದನಿಯಲ್ಲಿ ಮೊರೆಯಿತು. ಕಡಲುಗಳ್ಳರು, ಮಾಟಗಾತಿಯರು, ಎಲ್ಲರೂ ಅಮ್ಮಂದಿರ ಬಲವಂತಕ್ಕೆ ವೇಷದ ಮೇಲೆ ದಪ್ಪ ಕೋಟು ತೊಟ್ಟು ಬೀದಿಯವರೆಗೂ ಸಾಲುಗಟ್ಟಿದರು. ಪೆಂಗ್ವಿನ್ ಆಗಿದ್ದ ಟಿಲ್ಲಿ ಚಾಕೊಲೇಟ್ ಹಂಚುತ್ತ ನೆಲಕ್ಕೆ ಕಾಲು ತಾಗದಂತೆ ಕುಣಿಯುತ್ತಿದ್ದಳು. ಮಾರ್ಲಾ ಮಾತ್ರ ಎಲ್ಲಕ್ಕಿಂತ ಎತ್ತರದ ಕೊಳವೆಯನ್ನು ಹಿಂದಿನಿಂದ ಹಿಡಿದೇ ನಿಂತಿದ್ದಳು.

ಒಬ್ಬ ಕಡಲುಗಳ್ಳ: ಇದು ದ್ರಾಕ್ಷಿ ಮನೆ ಅಲ್ವೇನೋ?

ಇನ್ನೊಬ್ಬ: ಅಲ್ಲ ಕಣೋ, ಭೂತದ ಆರ್ಗನ್ ಮನೆ.

ಗಾರ್ತ್: ಕೇಳಿಸ್ತಾ ಮಾರ್ಲಾ? ನಮ್ಮನೆ ಹೆಸರು ಬದಲಾಯ್ತು! ಇನ್ನು ಆ ಕೊಳವೆ ಬಿಟ್ಬಿಡು, ಅದೂ ಉಸಿರಾಡ್ಲಿ.

ಅಷ್ಟರಲ್ಲಿ ಡೈನೋಸಾರ್ ವೇಷದ ಪುಟ್ಟ ಹುಡುಗಿಯೊಬ್ಬಳು ತಾಯಿಯ ಕೈ ಎಳೆಯುತ್ತ ಬಂದಳು.

ಹುಡುಗಿ: ಆಂಟೀ, ದ್ರಾಕ್ಷಿ ಕೊಡೋ ಮನೆ ಇದೇನಾ?

ಮಾರ್ಲಾ: ಅಯ್ಯೋ, ಅಲ್ಲ ಪುಟ್ಟಿ! ಅದೆಲ್ಲ ಹೋದ ವರ್ಷದ ಮಾತು. ತಗೋ, ಚಾಕೊಲೇಟ್.

ತಾಯಿ: ಅವಳಿಗೆ ಅದು ಆಗಲ್ಲಾರೀ. ತಿಂದ್ರೆ ಮುಖ ಎಲ್ಲ ಊದ್ಕೊಳ್ಳುತ್ತೆ. ಹೋದ್ಸಲ ಇಡೀ ಬೀದೀಲಿ ಅವಳು ತಿನ್ನೋ ಅಂಥದ್ದು ಸಿಕ್ಕಿದ್ದು ನಿಮ್ಮನೇಲೊಂದೇ. ವರ್ಷವೆಲ್ಲ ಅದನ್ನೇ ಜಪಿಸಿದ್ದಾಳೆ. ಇರ್ಲಿ ಬಿಡಿ.

ಡೈನೋಸಾರಿನ ಬಾಲ ನೆಲಕ್ಕೆ ಬಿತ್ತು. ಮಾರ್ಲಾ ಕೊಳವೆಗಳನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಗಾರ್ತ್‌ಗೆ ಆ ನೋಟದ ಪರಿಚಯವಿತ್ತು.

ಗಾರ್ತ್: ಬೇಡ. ನಾಳೆ ಹೊಸದು ತಂದ್ಕೊಡೋಣ. ಬೇಡ ಮಾರ್ಲಾ.

ಮಾರ್ಲಾ: ಮಕ್ಕಳೇ, ಎಲ್ಲ ಹಿಂದಕ್ಕೆ ಸರೀರಿ. ಇನ್ನೂ ಹಿಂದಕ್ಕೆ. ರಸ್ತೆಗಲ್ಲ! ಹುಲ್ಲಿನ ಮೇಲೆ.

ಗಾರ್ತ್: ಒಂದನ್ನ ಎಳೀಬೇಡ್ವೇ, ಎಲ್ಲಾನೂ ಒಂದೇ ಪಟ್ಟೀಗೆ ಮೊಳೆ ಹೊಡ್ದಿ...

ಮಾರ್ಲಾ ಎಳೆದಳು. ಚೋಟುದ್ದದಿಂದ ಆಳೆತ್ತರದವರೆಗೆ ಎಲ್ಲ ಕೊಳವೆಗಳೂ ಒಂದರ ಮೇಲೊಂದು ದಡದಡನೆ ಉರುಳಿದವು. ಅಸ್ಥಿಪಂಜರದ ತಲೆ ಕಳಚಿ, ಮೆಟ್ಟಿಲಿಳಿದು, ಡೈನೋಸಾರಿನ ಕಾಲಬಳಿ ನಿಂತಿತು. ಇಡೀ ಸಾಲು ಕಿರುಚಿ ಚಪ್ಪಾಳೆ ತಟ್ಟಿತು.

"ಇನ್ನೊಂದ್ಸಲ! ಇನ್ನೊಂದ್ಸಲ!" ಎಲ್ಲರಿಗಿಂತ ಜೋರು ದನಿ ಟಿಲ್ಲಿಯದು.

ಮಾರ್ಲಾ ಅವಶೇಷಗಳ ನಡುವಿನಿಂದ ಒಂದು ಚೀಲ ಹೆಕ್ಕಿ, ಡಬ್ಬಿಯೊಂದನ್ನು ಹಸಿರು ದೀಪಕ್ಕೆ ಹಿಡಿದು ತಾರೀಖು ಓದಿದಳು. ನಂಬಿಕೆ ಬಾರದೆ ಮತ್ತೊಮ್ಮೆ ಓದಿದಳು. ಇನ್ನೂ ಅವಧಿಯಿತ್ತು. ಡೈನೋಸಾರ್ ಇಡೀ ಚೀಲವನ್ನೇ ಅಪ್ಪಿಕೊಂಡಿತು.

ಗಾರ್ತ್ (ಕಿಲುಬು ಹಿಡಿದ ತುಂಡೊಂದನ್ನು ಎದೆಗವಚಿಕೊಂಡು): ತಿಂಗಳುಗಟ್ಟಲೆ ಕೆಲಸ ಕಣೇ ಇದು...

ಮಾರ್ಲಾ: ಬೀಳುತ್ತೆ ಅಂತ ನಾನು ಮೊದಲೇ ಹೇಳಿರ್ಲಿಲ್ವಾ?