ಮೀನು ಸಿಕ್ಕಿದ ಕುಂಟೆ

"ಅಯ್ಯೋ ಅಜ್ಜಿ, ಇದೇ ಆ ಕುಂಟೆ! ಹಂಡ್ರೆಡ್ ಪರ್ಸೆಂಟ್ ಇದೇ!"

"ಯಾವ ಕುಂಟೆನಮ್ಮಾ? ಇದು ಬಟ್ಟೆ ಒಗೆಯೋ ಕುಂಟೆ. ಫೋನ್ ಒಳಗಿಡು."

ಕ್ಯಾಲನೂರಿನ ದೊಡ್ಡಗಂಗಮ್ಮ ನನ್ನ ಫೋನಿಗೂ ಪುಟ್ಟ ಕೆರೆಯಂಥ ಆ ಕುಂಟೆಗೂ ನಡುವೆ ಸೆರಗು ಹರಡಿ ನಿಂತರು. ನಾನು ಕೋಲಾರದ ಕಾಲೇಜಿನಿಂದ ಮೊದಲ ಬಸ್ಸಿಗೇ ಓಡಿಬಂದಿದ್ದೆ. ಈ ಊರಿನ ಡೈರಿ ಸೆಕ್ರೆಟರಿಯಾಗಿದ್ದ ಉಮಾಶಂಕರ್ ಬರೆದ ಕಥೆಯೆಂದರೆ ನನಗೆ ಬಾಲ್ಯದಿಂದಲೂ ಪ್ರಾಣ. ಅದರಲ್ಲಿ ಎಮ್ಮೆಯೊಂದು ಹಾಲಿಗೆ ಕುಂಟೆ ನೀರು ಬೆರೆಸಿ ಮಾರುತ್ತದೆ. ಕೊಂಡ ಕೊಕ್ಕರೆಗೆ ಹಾಲಿನಲ್ಲಿ ಮೀನು ಸಿಗುತ್ತದೆ. ಮರುದಿನದಿಂದ ಕೊಕ್ಕರೆ ಎರಡು ಲೀಟರ್ ಕೇಳುತ್ತದೆ!

"ಬಾಗಿದ ಬೇವಿನ ಮರ, ಮೂರು ಚಪ್ಪಡಿ ಕಲ್ಲು, ಎಲ್ಲಾ ಕಥೇಲಿ ಇದ್ದಂಗೇ ಇದೆ! ನಂಗೆ ಅಳು ಬರ್ತಿದೆ ಅಜ್ಜಿ!"

"ನಂಗೂ ಬರ್ತೈತೆ. ಹೋಗು ತಾಯಿ."

ಅವರ ಯಜಮಾನರು ಅಶ್ವತ್ಥಪ್ಪ ಜಗಲಿಯಿಂದ ಎದ್ದು ಬಂದರು.

"ಇದೇ ಕಣಮ್ಮಾ! ಅವತ್ತು ನಮ್ ಕ್ಯಾನ್‌ನಾಗೆ..."

"ಸುಮ್ನಿರಯ್ಯಾ!"

"ಕ್ಯಾನ್‌ನಲ್ಲಿ ಏನ್ ತಾತಾ?"

"ಮೀನು! ಹಾಲಿಗೆ ನೀರು ಬಿದ್ದೈತಾ ಅಂತ ಉಮಾಶಂಕರ್ ಡಿಗ್ರಿ ನೋಡೋಕೆ ಗಾಜಿನ ಕಡ್ಡಿ ಬಿಟ್ರೆ, ಮೀನು ಅದ್ರ ಸುತ್ತ ಪ್ರದಕ್ಷಿಣೆ ಹಾಕ್ತಾ ಐತೆ!"

"ಕ್ಯಾನ್ ತೊಳ್ದಿದ್ ನೀರ್ನಾಗೆ ಬಂದಿದ್ದು ಅದು!"

"ಅಂಗೇ ಅಂದ್ಲು ಇವ್ಳು ಅವತ್ತೂನೂ. ಪಾಪ, ಅವ್ನು ಯಾರ್ಗೂ ಹೇಳ್ಲಿಲ್ಲ. ಕಥೇಲೂ ಇವ್ಳ ಹೆಸರು ಬರೀಲಿಲ್ಲ. ಎಮ್ಮೆ ಅಂತ ಬರ್ದ."

"ಅಜ್ಜೀ... ನೀವೇನಾ ಆ ಎಮ್ಮೆ? ಓ ಮೈ ಗಾಡ್! ಒಂದು ಸೆಲ್ಫಿ!"

ದೊಡ್ಡಗಂಗಮ್ಮ ಸುತ್ತಲೂ ನೋಡಿ ದನಿ ತಗ್ಗಿಸಿದರು.

"ಸೋಮವಾರ ಮಹಿಳಾ ಡೈರಿ ಎಲೆಕ್ಷನ್. ಅಧ್ಯಕ್ಷೆ ಆಗೋಕೆ ನಿಂತಿದೀನಿ. ಇದು ಗೊತ್ತಾದ್ರೆ ಯಾರಮ್ಮಾ ಓಟ್ ಹಾಕ್ತಾರೆ? ಅಗೋ, ಆ ಕಡೆ ಗಂಗಾಲಕ್ಷ್ಮಿ ಕುಂಟೆ. ನನ್ನೆದುರು ನಿಂತಿರೋಳು ಅವ್ಳೇ. ಅದ್ರ ಫೋಟೋ ಹೊಡ್ಕೋ. ಮೀನೂ ಜಾಸ್ತಿ."

"ಅಲ್ಲಿ ಬೇವಿನ ಮರಾನೇ ಇಲ್ವಲ್ಲ?"

"ಕಡಿಸಾಕವ್ಳೆ ಅಂತ ಬರಿ."

"ಛೇ ಅಜ್ಜಿ! ಮುಂದಿನ ವಾರ ನಮ್ ಕ್ಲಾಸ್ ಪೂರ್ತಿ ಬರ್ತಿದೆ. ಇಲ್ಲೊಂದು ಬೋರ್ಡ್ ಹಾಕೋಣ ಅಂದ್ಕೊಂಡಿದ್ವಿ. ಈಗ ನಿಮ್ ಫೋಟೋನೂ ಹಾಕ್ಬಹುದು!"

"ಫೋಟೋನಾ? ಕಲರ್ದಾ?"

"ಕಲರ್ದೇ. ಇಷ್ಟು ದೊಡ್ಡದು!"

ಅಜ್ಜಿ ಹರಡಿದ್ದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು.

"ಮುಂದಿನ ಬುಧವಾರ ಬನ್ನಿ ಎಲ್ರೂ. ಗೆದ್ದಿದ್ರೆ ಗಂಗಾಲಕ್ಷ್ಮಿ ಕುಂಟೆ ತೋರಿಸ್ತೀನಿ. ಸೋತಿದ್ರೆ, ಆ ಎಮ್ಮೆ ನಾನೇ ಅಂತ ದಪ್ಪಕ್ಷರದಾಗೆ ಬರೀರಿ."