ಬಲ ಭುಜವೂ ಆರುನೂರ ಇಪ್ಪತ್ತೊಂದೂ

ದರ್ಜಿ: ಹದಿನೆಂಟು ದಿನ ಆಯ್ತು ಕಣೇ! ನಾಲಿಗೆ ತುಕ್ಕು ಹಿಡಿದುಹೋಗಿದೆ. ಒಂದು ಕುರುಕಲು ತಿಂಡಿ ಪ್ಯಾಕೆಟ್ ಕೊಡು, ಒಂದೇ ಒಂದು.

ಹೆಂಡತಿ: ತುಕ್ಕು ಹಿಡಿದ ನಾಲಿಗೆಯಿಂದ ಇಷ್ಟು ಮಾತು ಹೊರಡಲ್ಲ. ಇನ್ನು ಹತ್ತು ದಿನ, ತಡ್ಕೊಳ್ಳಿ.

(ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಎರಡು ವರ್ಷದಿಂದ ಅವನ ಬಲ ಭುಜಕ್ಕೆ ಬಿಡದ ನೋವು. ಕೈ ಕಿವಿಯವರೆಗೂ ಏಳದು. ತಲೆ ಬಾಚುವುದೂ ಹೆಂಡತಿಯೇ. ಕೋಟು ಹೊಲಿಯುತ್ತಿದ್ದವನಿಗೆ ಈಗ ಗುಂಡಿ ಹಾಕುವ ಕೆಲಸವಷ್ಟೇ ಉಳಿದಿದೆ. ಮಾತ್ರೆ, ಮುಲಾಮು ಎಲ್ಲ ಆದ ಮೇಲೆ ಡಾಕ್ಟರು, “ಪ್ಯಾಕೆಟ್ ತಿಂಡಿಗೆ ಬೆರೆಸುವ ಪದಾರ್ಥಗಳಿಂದ ಕೆಲವರಿಗೆ ನೋವು ಹೆಚ್ಚಬಹುದು, ಕೆಲವರಿಗೆ ಏನೂ ಆಗದಿರಬಹುದು. ನಾಲ್ಕು ವಾರ ಬಿಟ್ಟು ನೋಡೋಣ” ಎಂದಿದ್ದರು.)

ದರ್ಜಿ: ಡಾಕ್ಟರು ಬಿಡಿ ಅಂದಿದ್ದು ಪ್ಯಾಕೆಟ್ಟನ್ನ. ತಟ್ಟೆಗೆ ಸುರ್ಕೊಂಡು ತಿಂದ್ರೆ ಅದು ಪ್ಯಾಕೆಟ್ ಹೇಗಾಗುತ್ತೆ?

ಹೆಂಡತಿ: ಆಹಾ! ಅದರ ಹಿಂದೆ ಏನು ಬರೆದಿದೆ ಅಂತ ಯಾವತ್ತಾದ್ರೂ ಓದಿದ್ದೀರಾ? ರುಚಿ ಹೆಚ್ಚಿಸೋ ಪದಾರ್ಥ, ಆರುನೂರ ಇಪ್ಪತ್ತೊಂದು!

ದರ್ಜಿ: ಅಷ್ಟೊಂದು ಹಾಕ್ತಾರಾ? ಪಾಪ, ಎಷ್ಟು ಕಷ್ಟಪಟ್ಟು ಮಾಡ್ತಾರೆ ನೋಡು!

ಹೆಂಡತಿ: ಅಯ್ಯೋ, ಅದು ಲೆಕ್ಕ ಅಲ್ಲರೀ, ಒಂದೇ ಪದಾರ್ಥದ ನಂಬರು.

ದರ್ಜಿ: ಹೆಸರಿನ ಬದಲು ನಂಬರಾ? ಅಂಥವರು ಜೈಲಲ್ಲಲ್ವೇ ಇರೋದು?

ಹೆಂಡತಿ: ಅದಕ್ಕೇ ನಿಮ್ಮ ಹೊಟ್ಟೆಯೊಳಗೆ ಸೇರಿಸ್ಬೇಡಿ ಅಂದಿದ್ದು. ಎಲ್ಲಿ, ನೋವಿನ ಪುಸ್ತಕ ಕೊಡಿ.

(ದಿನಾ ತಿಂದದ್ದನ್ನೂ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂಬುದನ್ನೂ ಬರೆಯಲು ಡಾಕ್ಟರು ಹೇಳಿದ್ದ ಪುಸ್ತಕ ಅದು. ಹೆಂಡತಿ ಕನ್ನಡಕ ಏರಿಸಿ ಪುಟ ತಿರುವಿದಳು.)

ಹೆಂಡತಿ: ಎಂಟು, ಎಂಟು, ಎಂಟು... ಒಂದು ದಿನಾನೂ ಕಡಿಮೆ ಆಗಿಲ್ವಾ?

ದರ್ಜಿ: ಹತ್ತಕ್ಕೆ ಎಂಟು! ಸ್ಕೂಲಲ್ಲೂ ನನಗೆ ಇಷ್ಟು ಬಂದಿರಲಿಲ್ಲ.

ಹೆಂಡತಿ: ಇದೇನ್ರೀ, ನಾಳೆದಕ್ಕೂ ಎಂಟು ಹಾಕಿಟ್ಟಿದ್ದೀರಿ?

ದರ್ಜಿ: ನಾಳೆ ಕೆಲಸ ಜಾಸ್ತಿ ಇದೆ, ಪುರುಸೊತ್ತಾಗಲ್ಲ. ಅದು ಬಿಡು, ಉಪವಾಸದಿಂದ ಏನೂ ಉಪಯೋಗ ಇಲ್ಲ ಅಂತ ಗೊತ್ತಾಯ್ತಲ್ಲ. ಕೊಡು ಪ್ಯಾಕೆಟ್ಟು.

ಹೆಂಡತಿ: ಸಾಧ್ಯವೇ ಇಲ್ಲ. ಅವೆಲ್ಲ ಅಟ್ಟದ ಡಬ್ಬದಲ್ಲಿ ಭದ್ರವಾಗಿವೆ.

ದರ್ಜಿ: ಏನು ಭದ್ರ? ಸೋಮವಾರ ಎಂಟು ಪ್ಯಾಕೆಟ್ ಇತ್ತು, ಇವತ್ತು ಐದೇ ಇದೆ! ಮೂರು ಎಲ್ಲಿ ಹೋಯ್ತು?

(ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಬಾಯಲ್ಲಿ ಏನೂ ಇರದಿದ್ದರೂ.)

ಹೆಂಡತಿ: ಅದು... ತಾರೀಕು ಮುಗಿದು ಹಾಳಾಗುತ್ತಲ್ಲ ಅಂತ...

ದರ್ಜಿ: ನನಗೆ ಸೊಪ್ಪು ತಿನ್ನಿಸಿ ನೀನು ಕುರುಕುರು ಅಂತ ಅಗೀತಿದ್ದೀಯಾ!

ಹೆಂಡತಿ: ಭುಜ ನೋವಿರೋದು ನಿಮಗೆ. ಡಾಕ್ಟರು ನನಗೇನೂ ಹೇಳಿಲ್ಲ... ಇರಿ, ಇರಿ. ಅದನ್ನ ನೀವು ಹೇಗೆ ಎಣಿಸಿದ್ರಿ?

ದರ್ಜಿ: ಹೇಗೆ ಅಂದ್ರೆ? ಬೆರಳಲ್ಲಿ.

ಹೆಂಡತಿ: ಆ ಡಬ್ಬದ ಮುಚ್ಚಳ ತೆಗೆಯೋಕೆ ಎರಡು ಕೈಯೂ ಬೇಕು. ನಿಮ್ಮ ಬಲಗೈ ಏಳಲ್ಲ ಅಂತಾನೇ ಅಷ್ಟು ಮೇಲೆ ಇಟ್ಟಿದ್ದು.

ದರ್ಜಿ: ಸ್ಟೂಲು ಹತ್ತಿದೆ.

ಹೆಂಡತಿ: ಸ್ಟೂಲು ಕಾಲು ಮುರ್ಕೊಂಡು ಬಡಗಿ ಮನೆ ಸೇರಿ ಹದಿನೈದು ದಿನ ಆಯ್ತು.

(ದರ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ. ದಾರ ಆಗಲೇ ಪೋಣಿಸಿಯೇ ಇತ್ತು.)

ಹೆಂಡತಿ: ಏಳಿ ಮೇಲೆ. ಕೈ ಎತ್ತಿ.

(ಅವನು ಎದ್ದು ನಿಂತ. ಬಲಗೈ ನಿಧಾನವಾಗಿ ಎದೆ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಹೋಗಿ ನಿಂತಿತು. ಮುಖ ಸ್ವಲ್ಪ ಕಿವುಚಿಕೊಂಡಿತು, ಅಷ್ಟೇ. ಹೆಂಡತಿಯ ಕಣ್ಣು ತುಂಬಿ ಬಂತು.)

ಹೆಂಡತಿ: ಯಾವಾಗಿಂದ ಹೀಗೆ?

ದರ್ಜಿ: ಸೋಮವಾರದಿಂದ. ನೋವು ಪೂರ್ತಿ ಹೋಗಿಲ್ಲ ಕಣೇ, ಮೂರು ಅಂಕದಷ್ಟು ಇದೆ. ತಿಂಡಿ ಬಿಟ್ಟಿದ್ದಕ್ಕೋ, ಡಾಕ್ಟರು ಹೇಳಿಕೊಟ್ಟ ಆ ಕೈ ತಿರುಗಿಸೋ ವ್ಯಾಯಾಮಕ್ಕೋ, ಯಾರಿಗೆ ಗೊತ್ತು?

ಹೆಂಡತಿ: ಮತ್ತೆ ಎಂಟು ಅಂತ ಬರೆದಿದ್ದೇಕೆ?

ದರ್ಜಿ: ವಾಸಿ ಆಯ್ತು ಅಂದ್ರೆ ಆಯುಷ್ಯಪೂರ್ತಿ ಬಿಡಿಸ್ತೀಯಲ್ಲ! ಆದ್ರೆ ನಿನ್ನಾಣೆ, ಒಂದನ್ನೂ ಮುಟ್ಟಿಲ್ಲ. ದಿನಾ ಡಬ್ಬ ತೆಗೆದು ನೋಡಿ ಬರ್ತಿದ್ದೆ, ಆಸ್ಪತ್ರೇಲಿರೋ ನೆಂಟರನ್ನ ನೋಡಿ ಬರೋ ಹಾಗೆ.

(ಹೆಂಡತಿ ಅಳುತ್ತಲೇ ನಕ್ಕಳು.)

ಹೆಂಡತಿ: ನಾಳೆಯಿಂದ ತಲೆ ನೀವೇ ಬಾಚ್ಕೊಳ್ಳಿ. ಈಗ ಆ ಡಬ್ಬ ಇಳಿಸಿ.

(ಅವನು ಬಲಗೈಯಲ್ಲೇ ಡಬ್ಬ ಇಳಿಸಿ ಆಸೆಯಿಂದ ಅವಳ ಮುಂದೆ ಹಿಡಿದ. ಅವಳು ಅಟ್ಟ ನೋಡಿದಳು, ಬೀರುವಿನ ತಲೆ ನೋಡಿದಳು, ಗೋಡೆಯ ಎತ್ತರದ ಮೊಳೆಯನ್ನೂ ನೋಡಿದಳು.)

ಹೆಂಡತಿ: ಇನ್ನು ಈ ಮನೇಲಿ ನಿಮ್ಮ ಕೈಗೆ ಎಟುಕದ ಜಾಗ ಒಂದೇ ಉಳಿದಿರೋದು.

(ಎಂದವಳೇ ಪ್ಯಾಕೆಟ್ ಹರಿದು, ಮುಷ್ಟಿ ತುಂಬ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು.)