ಮಾರು ಮೇಲೊಂದು ಗೇಣು

ನಮ್ಮ ಕಾಕಾ ನೆಲದ ಮೇಲೆ ಇರುವಷ್ಟು ಹೊತ್ತು ಯಾವ ಕೆಲಸಕ್ಕೂ ಬಾರದ ಮನುಷ್ಯ. ಇದು ನನ್ನ ಮಾತಲ್ಲ, ಕಾಕಿಯ ಮಾತು. ಸಂತೆಗೆ ಕಳಿಸಿದರೆ ಚೀಲ ಅಲ್ಲೇ ಬಿಟ್ಟು ಬರುತ್ತಾನೆ, ಮದುವೆಗೆ ಕಳಿಸಿದರೆ ಬೇರೆ ಯಾರದೋ ಮದುವೆಯಲ್ಲಿ ಉಂಡು ಬರುತ್ತಾನೆ! ಆದರೆ ಅವನನ್ನು ನೀರಿಗೆ ಇಳಿಸಿ ನೋಡಿ. ಮೂಡಲಗಿಯ ಸುತ್ತ ಯಾರ ಬಾವಿಗೆ ಏನೇ ಬೀಳಲಿ, ಮೋಟರು, ಕೊಡ, ಮೊಬೈಲು, ಉಸಿರು ಬಿಗಿಹಿಡಿದು ಮುಳುಗಿ, ಅದಕ್ಕೆ ಹಗ್ಗ ಕಟ್ಟಿ, ಮೇಲೆ ಬಂದು ಬೀಡಿ ಕೇಳುವವನು ಕಾಕಾನೇ. ಒಮ್ಮೆ ಒಂದು ಹೋತ ಬಿದ್ದಿತ್ತು. ಅದು ಬಾವಿಗಿಂತ ಕಾಕಾನನ್ನು ನೋಡಿಯೇ ಹೆಚ್ಚು ಹೆದರಿತು ಎಂದು ಕಾಕಿ ಈಗಲೂ ಹೇಳುತ್ತಾಳೆ.

ಮೊದಲು ಈ ಕೆಲಸಕ್ಕೆ ಇಬ್ಬರು ಇಳಿಯುತ್ತಿದ್ದರು, ಕಾಕಾ ಮತ್ತು ಕಾಕಿಯ ತಮ್ಮ. ದಡ್ಡಿ ಊರಿನ ಒಂದು ಬಾವಿಯಲ್ಲಿ ಇಬ್ಬರು ಇಳಿದರು, ಒಬ್ಬನೇ ಮೇಲೆ ಬಂದ. ಅದಾಗಿ ಮೂವತ್ತು ವರ್ಷ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ, ನಾನೂ ಮುಂದಕ್ಕೆ ಹೋಗುತ್ತೇನೆ. ಅಂದಿನಿಂದ ಕಾಕಾ ಒಬ್ಬನೇ ಇಳಿಯುತ್ತಾನೆ, ಕಾಕಿ ದಂಡೆಯ ಮೇಲೆ ಹಗ್ಗ ಹಿಡಿದು ನಿಲ್ಲುತ್ತಾಳೆ.

ಹೋದ ವರ್ಷ, ಅರವತ್ತು ದಾಟಿದ ಕಾಕಾ ಯಮಕನಮರಡಿಯ ಬಾವಿಯೊಂದರಿಂದ ಮೂಗಿನಲ್ಲಿ ರಕ್ತ ಸೋರಿಸಿಕೊಂಡು ಮೇಲೆ ಬಂದ. ಕಾಕಿ ಮನೆಗೆ ಬಂದವಳೇ ಹಗ್ಗವನ್ನು ಜೋಳದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

"ಇನ್ನ ಬಾವಿ ಇಳೀಬೇಕಂದ್ರ ಬೆನ್ನಿಗಿ ಗಾಳಿ ಸಿಲಿಂಡರ್ ಇರಬೇಕು, ಬಾಜೂಕ ಇನ್ನೊಬ್ಬ ಮನಿಷ್ಯಾ ಇರಬೇಕು. ನಾ ಕಣ್ಣಾರೆ ನೋಡಬೇಕು. ಆಮ್ಯಾಲ ಹಗ್ಗ ಹೊರಗ ಬರತೈತಿ. ಇಲ್ಲಾಂದ್ರ ಇಲ್ಲ!"

ಆ ಇನ್ನೊಬ್ಬ ಮನುಷ್ಯ ಯಾರು? ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು! ಅದುವರೆಗೆ ನಾನು ಮುಳುಗಿದ್ದು ಉತ್ತರಪತ್ರಿಕೆಗಳಲ್ಲಿ ಮಾತ್ರ. ಆದರೂ ಒಪ್ಪಿಕೊಂಡೆ. ಬಾವಿ ಬಿಡಿಸಿ ಕಾಕಾನನ್ನು ನೆಲದ ಮೇಲೇ ಇಟ್ಟರೆ ಅವನೂ ಉಳಿಯಲಾರ, ನಾವೂ ಉಳಿಯಲಾರೆವು.

ರಜೆಯಲ್ಲಿ ಇಬ್ಬರೂ ಕಾರವಾರದ ಕಡೆ ಹೋಗಿ, ಸಿಲಿಂಡರು ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿತೆವು. ಕಲಿಸುವವನು ಇಪ್ಪತ್ತೈದರ ಹುಡುಗ, ಮಾತಿಗೊಮ್ಮೆ ಕಾಕಾನಿಗೆ 'ಅಂಕಲ್' ಎನ್ನುತ್ತಿದ್ದ. ಸಿಲಿಂಡರಿನಿಂದ ಎರಡು ಪೈಪು ಬರುತ್ತವೆ, ಒಂದು ನಮ್ಮ ಬಾಯಿಗೆ. ಇನ್ನೊಂದು ಹಳದಿಯದು, ಪಕ್ಕಕ್ಕೆ ನೇತಾಡುತ್ತಿರುತ್ತದೆ, ಜೊತೆಗಾರನ ಗಾಳಿ ಮುಗಿದರೆ ಅವನಿಗೆ ಎಂದು ತೋರಿಸಿದ. ಕಾಕಾನ ಹುಬ್ಬು ಗಂಟಿಕ್ಕಿತು.

"ಅಂದ್ರ ಚಲೋದು ನಾ ಬಾಯಾಗ ಇಟಗೊಂಡು, ಸಾಯಾಕತ್ತಾಂವಗ ಕೆಸರಾಗ ಎಳದಾಡಿದ್ದ ಕೊಡೂದು? ಮನಿಗಿ ಬಂದ ಬೀಗರಿಗೆ ಹಳಸಿದ ಅನ್ನಾ ಹಾಕಿದಂಗ ಆತಲ್ಲೋ ಯಪ್ಪಾ!"

ಹುಡುಗ ನಕ್ಕ. "ಇನ್ನೊಂದು ಪದ್ಧತಿ ಉಂಟು ಅಂಕಲ್. ನೀರಿನೊಳಗಿನ ಗುಹೆಗೆ ಹೋಗುವವರು ಮಾಡ್ತಾರೆ. ಬಾಯಲ್ಲಿದ್ದದ್ದನ್ನೇ ತೆಗೆದು ಕೊಡೋದು. ಅದಕ್ಕೆ ಉದ್ದದ ಪೈಪು. ನಮಗೆ ಇನ್ನೊಂದು ಗಿಡ್ಡ ಪೈಪಿನದು ಗದ್ದದ ಕೆಳಗೆ, ಕುತ್ತಿಗೆಗೆ ಕಟ್ಟಿಕೊಂಡಿರ್ತದೆ."

"ಬಾಯಾಗಿನ ತುತ್ತ ತಗದ ಕೊಡೂದು! ಹಂಗ ಅನ್ನು!" ಕಾಕಾ ತೊಡೆ ತಟ್ಟಿಕೊಂಡ.

ಎಷ್ಟು ಉದ್ದ? ಐದು ಅಡಿ ಧಾರಾಳ ಸಾಕು ಎಂದ ಹುಡುಗ. ಕಾಕಾ ಎರಡೂ ಕೈ ಅಗಲಿಸಿ ಗಾಳಿಯನ್ನೇ ಅಳೆದ. "ಮಾರ ಮ್ಯಾಲ ಒಂದ ಗೇಣ. ಅದಕ್ಕಿಂತ ಗಿಡ್ಡಂದು ಬ್ಯಾಡ." ಎಂದರೆ ಏಳಡಿ! ಬಾವಿಯಲ್ಲಿ ಏಳಡಿ ಯಾಕೆ, ಆಚೆ ದಂಡೆಯ ಕಪ್ಪೆಗೂ ಉಸಿರು ಕೊಡುವುದಿದೆಯೇ ಎಂದು ನಾನು ಕೇಳಿದೆ. ಕಾಕಾ ಬೀಡಿ ಹುಡುಕಿದ.

ಪೈಪಿನಲ್ಲೂ ಎರಡು ಜಾತಿ. ಒಂದು ಹೆಣೆದ ಹೊದಿಕೆಯ ಹಗುರಾದದ್ದು, ಇನ್ನೊಂದು ಭಾರದ ಕರಿ ರಬ್ಬರಿನದು. ಹಗುರಾದದ್ದನ್ನು ಕಾಕಾ ನೀರಿನಲ್ಲಿ ಬಿಟ್ಟು ನೋಡಿದ. ಅದು ಸುತ್ತಿಕೊಂಡು ಮೇಲೆ ಮೇಲೆ ಎದ್ದಿತು. "ನಾಯಿ ಬಾಲ ಇದು," ಎಂದ. ರಬ್ಬರಿನದು ಇಟ್ಟಲ್ಲಿ ಬಿದ್ದಿತ್ತು. "ಇದ ಬೇಕ. ನಮ್ಮ ಮನ್ಯಾಗ ಹೇಳಿದ್ದ ಕೇಳೂದು ಒಂದರ ಇರಲಿ."

ಊರಿಗೆ ಬಂದ ಮೇಲೆ ಶುರುವಾಯಿತು ನಿಜವಾದ ಗೋಳು. ಏಳಡಿಯ ಪೈಪನ್ನು ಮೈಗೆ ಸುತ್ತುವುದು ಹೇಗೆ? ಹುಡುಗ ಬರೆದುಕೊಟ್ಟ ಚಿತ್ರ ಕಾಕಾನಿಗೆ ತಲೆಕೆಳಗಾಗಿ ಹಿಡಿದರೂ ಒಂದೇ, ನೆಟ್ಟಗೆ ಹಿಡಿದರೂ ಒಂದೇ. ವಾರಗಟ್ಟಲೆ ಪೈಪು ಸುತ್ತಿಕೊಂಡೇ ಓಡಾಡಿದ. ಗೋಕಾಕಿನ ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ರಿ, ಹಾವ ಆಡಸಾಕ ಹೊಂಟೀರೇನ?" ಎಂದು ಕೇಳಿದರು. ಒಂದು ದಿನ ಎಷ್ಟು ಬಿಗಿಯಾಗಿ ಸುತ್ತಿಕೊಂಡನೆಂದರೆ, ಬಿಡಿಸಲು ಬಾಜೂ ಮನೆಯವರನ್ನು ಕರೆಯಬೇಕಾಯಿತು!

ಬುದ್ಧಿ ಬಂದದ್ದು ಕಾಕಿಯಿಂದ. ಒಂದು ಬೆಳಗ್ಗೆ ಅವಳು ತುಂಬಿದ ಕೊಡ ಹೊತ್ತು ಅಂಗಳ ದಾಟುತ್ತಿದ್ದಳು.

"ಏ! ಅಲ್ಲೇ ನಿಂದರ!" ಕಾಕಾ ಕೂಗಿದ.

ಕಾಕಿ ನಿಂತಳು. ಕಾಕಾ ಅವಳ ಸುತ್ತ ಮೂರು ಸುತ್ತು ಹಾಕಿದ. ಅವಳ ಸೆರಗು ಬಲ ಸೊಂಟದಿಂದ ಹೊರಟು, ಎದೆಯ ಮೇಲೆ ಅಡ್ಡ ಹಾಯ್ದು, ಎಡ ಹೆಗಲೇರಿ, ತಲೆಯ ಹಿಂದಿನಿಂದ ಬಲಗಡೆಗೆ ಬಂದು, ತುದಿ ಹಲ್ಲಿನ ನಡುವೆ ನಿಂತಿತ್ತು. ಚಿತ್ರದಲ್ಲಿದ್ದ ಪೈಪಿನ ದಾರಿ ಚಾಚೂ ತಪ್ಪದೆ ಅದೇ! ಹೆಚ್ಚಾದ ಉದ್ದವನ್ನು ಸೊಂಟಕ್ಕೆ ಸಿಗಿಸಬೇಕು ಎಂದಿತ್ತು. ಕಾಕಿ ಅದನ್ನೂ ಸಿಗಿಸಿದ್ದಳು.

"ಲಗ್ನ ಆಗಿ ನಲವತ್ತ ವರ್ಷಾತು, ಈ ಮನಿಷ್ಯಾ ನನ್ನ ಸೀರಿ ಒಮ್ಮಿನೂ ಹಿಂಗ ನೋಡಿದ್ದಿಲ್ಲ," ಎಂದು ಕಾಕಿ ಸೆರಗು ಕಚ್ಚಿಕೊಂಡೇ ನನಗೆ ಹೇಳಿದಳು. "ಈಗ ನೋಡಿದ್ದೂ ರಬ್ಬರಿನ ಸಲುವಾಗಿ."

ಒಂದು ಭಾನುವಾರ ನಮ್ಮ ಹೊಲದ ಮೆಟ್ಟಿಲು ಬಾವಿಯಲ್ಲಿ ಪರೀಕ್ಷೆ ನಡೆಯಿತು. ಪರೀಕ್ಷಕಿ ಕಾಕಿ. ಇದ್ದದ್ದು ಒಂದೇ ಸಿಲಿಂಡರು, ಅದು ಕಾಕಾನ ಬೆನ್ನ ಮೇಲೆ. ನೀರಿನೊಳಗಿನ ಮೆಟ್ಟಿಲ ಮೇಲೆ ಕೂತು, ಉಸಿರು ಮುಗಿದವನಂತೆ ಕೈ ಬೀಸುವುದು ನನ್ನ ಪಾತ್ರ. ಕಾಕಿ ಆ ಹೊತ್ತಿನ ಮಟ್ಟಿಗೆ ಹಗ್ಗ ಹೊರಗೆ ತೆಗೆದು, ಮೂವತ್ತು ವರ್ಷದಿಂದ ಕಟ್ಟಿದಂತೆಯೇ ಕಾಕಾನ ಎದೆಗೆ ಸುತ್ತಿ, ಎರಡು ಗಂಟು ಬಿಗಿದಳು.

ಮುಳುಗಿದೆವು. ಕೈ ಬೀಸಿದೆ. ಕಾಕಾ ಬಾಯಲ್ಲಿದ್ದದ್ದನ್ನು ತೆಗೆದು ದಾನಶೂರನಂತೆ ನನ್ನತ್ತ ಚಾಚಿದ. ಒಂದು ಗೇಣು ಬಂದ ಪೈಪು ಅಲ್ಲೇ ನಿಂತಿತು! ಎದೆಯ ಮೇಲೆ ಹಾಯ್ದ ಪೈಪಿನ ಮೇಲೆಯೇ ಕಾಕಿಯ ಹಗ್ಗ ಕೂತಿತ್ತು. ಈಗ ನಾಟಕ ಹೋಗಿ ನನಗೆ ಖರೇನೇ ಉಸಿರು ಮುಗಿದಿತ್ತು. ಮೂಗು ಬಾಯಿ ಎನ್ನದೆ ನೀರು ಕುಡಿದು, ಕಾಕಾನ ತಲೆಯ ಮೇಲೆ ಕಾಲಿಟ್ಟು ಮೇಲೆ ಬಂದೆ.

ಕಾಕಿಯ ಮುಖ ಬಿಳಿಚಿತ್ತು. "ಸಾಕ್ರಿ. ಬಿಚ್ಚರಿ ಅದನ್ನ," ಎಂದಳು.

"ತಪ್ಪ ನಂದ," ಎಂದ ಕಾಕಾ. ಅವನು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹಗ್ಗ ಮೊದಲ, ಪೈಪ ಆಮ್ಯಾಲ. ಪೈಪಿನ ಮ್ಯಾಲ ಏನೂ ಇರಬಾರದು ಅಂತ ಆ ಹುಡುಗಾ ಹೇಳಿದ್ದ, ನಾ ಮರತೆ. ಇನ್ನೊಮ್ಮಿ ಕಟ್ಟ. ಒಂದ ಸಲ ಅಷ್ಟ."

ಕಾಕಿ ಹಗ್ಗ ಬಿಚ್ಚಿ ಮತ್ತೆ ಕಟ್ಟಿದಳು. ಕಾಕಾ ಅದರ ಮೇಲೆ ಪೈಪು ಸುತ್ತಿಕೊಂಡ. ಈ ಸಲ ಅವನು ದೂರದ ಮೆಟ್ಟಿಲಲ್ಲಿ ಕೂತ. ನಾನು ಕೈ ಬೀಸುವಷ್ಟರಲ್ಲಿ ಪೈಪು ಅವನ ತಲೆಯ ಹಿಂದಿನಿಂದ ಸರಕ್ಕನೆ ಬಿಚ್ಚಿಕೊಂಡು ನನ್ನ ಕೈ ಸೇರಿತು. ಉಸಿರೆಳೆದೆ. ಕಾಕಾ ಗದ್ದದ ಕೆಳಗಿನದನ್ನು ಕಚ್ಚಿಕೊಂಡಿದ್ದ. ನಮ್ಮಿಬ್ಬರ ನಡುವೆ ಪೈಪು ಪೂರಾ ಚಾಚಿತ್ತು.

ನಿಧಾನಕ್ಕೆ ಮೇಲೆ ಬಂದಾಗ ಕಾಕಿ ನೀರಿನಂಚಿನ ಮೆಟ್ಟಿಲಿಗೆ ಇಳಿದು ನಿಂತಿದ್ದಳು. ಪೈಪನ್ನೇ ನೋಡುತ್ತಿದ್ದಳು.

"ಎಷ್ಟ ಉದ್ದ ಐತಿ ಇದ?"

"ಮಾರ ಮ್ಯಾಲ ಒಂದ ಗೇಣ."

"ಆವತ್ತ ನನ್ನ ತಮ್ಮ ನಿಮ್ಮಿಂದ ಎಷ್ಟ ದೂರ ಇದ್ದಾ?"

ಕಾಕಾ ನೀರು ನೋಡಿದ. "ಒಂದ ಮಾರ," ಎಂದ. "ಕೈ ಚಾಚಿದ್ದ. ಗೇಣ ಹೆಚ್ಚಿಗಿ ಇರಲಿ ಅಂತ ತಗೊಂಡೀನಿ."

ಕಪ್ಪೆಯ ಮಾತು ಆಡಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು, ದುಃಖವೂ ಒತ್ತಿ ಬಂತು. ಕಾಕಿ ನೀರಿನಲ್ಲಿ ಬಿದ್ದಿದ್ದ ಪೈಪನ್ನು ಎತ್ತಿ, ಕಾಕಾನ ಬಲತೋಳಿನ ಕೆಳಗಿನಿಂದ ತಂದು, ಎದೆಯ ಮೇಲೆ ಹಾಯಿಸಿ, ಎಡ ಹೆಗಲೇರಿಸಿ, ಕುತ್ತಿಗೆಯ ಹಿಂದೆ ಸುತ್ತಿ, ತುದಿಯನ್ನು ಅವನ ಕೈಗೆ ಕೊಟ್ಟಳು. ಉಳಿದದ್ದನ್ನು ಸೊಂಟಕ್ಕೆ ಸಿಗಿಸಿದಳು.

"ಇನ್ನೊಮ್ಮಿ ಮಾಡ್ರಿ," ಎಂದಳು. "ನೋಡ್ತೀನಿ."

ಆ ದಿನ ಒಂಬತ್ತು ಸಲ ಮಾಡಿದೆವು. ಪ್ರತಿ ಸಲವೂ ಕಾಕಿಯೇ ಪೈಪು ಸುತ್ತಿದಳು, ಪ್ರತಿ ಸಲವೂ ಅದು ನನ್ನ ಕೈಗೆ ಬಂತು.